ನಾಲ್ಕು ಏಳರ ಮುಂದೆ ಮೂರು ಎಕ್ಕ

2017ರ ಜುಲೈ, ಲಾಸ್ ವೇಗಸ್‌ನ ರಿಯೋ ಹೋಟೆಲು. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ 10,000 ಡಾಲರ್ ಕಟ್ಟಿ ಕೂತವರಲ್ಲಿ ವನೆಸ್ಸಾ ಸೆಲ್ಬ್ಸ್ಟ್ ಒಬ್ಬರು. ಯೇಲ್‌ನಲ್ಲಿ ಕಾನೂನು ಓದಿದವರು. ಪೋಕರ್ ಟೂರ್ನಿಗಳಲ್ಲಿ ಅವರಷ್ಟು ಗಳಿಸಿದ ಹೆಣ್ಣುಮಗಳು ಆಗ ಜಗತ್ತಿನಲ್ಲೇ ಇರಲಿಲ್ಲ. ಎರಡು ವಾರದ ಆಸುಪಾಸು ಎಳೆಯುವ ಆ ಪಂದ್ಯದಲ್ಲಿ ಅವರು ಮೊದಲ ದಿನದ ಮೊದಲ ಹಂತ ದಾಟುವ ಮೊದಲೇ ಕುರ್ಚಿ ಬಿಟ್ಟು ಏಳಬೇಕಾಯಿತು. ಕೈಯಲ್ಲಿದ್ದದ್ದು ಕೆಟ್ಟ ಎಲೆಯಾಗಿದ್ದರೆ ಯಾರೂ ನೆನಪಿಡುತ್ತಿರಲಿಲ್ಲ. ಇದ್ದದ್ದು ಎಕ್ಕದ ಜೋಡಿ. ಮೇಜಿನ ಮೇಲೆ ಬಿದ್ದ ಮೊದಲ ಮೂರು ಎಲೆ ಎಕ್ಕ, ಏಳು, ಐದು. ಆಮೇಲೆ ಇನ್ನೊಂದು ಏಳು. ಕೊನೆಗೆ ನಾಲ್ಕು. ಮೂರು ಎಕ್ಕ, ಎರಡು ಏಳು ಸೇರಿ ಫುಲ್ ಹೌಸ್. ಎದುರಿಗೆ ಕೂತಿದ್ದವರು ಫ್ರಾನ್ಸಿನ ಗಯೆಲ್ ಬೌಮನ್. 2012ರಲ್ಲಿ ಇದೇ ಪಂದ್ಯದಲ್ಲಿ ಹತ್ತನೆಯವರಾಗಿ, ಒಂಬತ್ತು ಮಂದಿಯ ಕೊನೆಯ ಮೇಜು ಒಂದೇ ಸ್ಥಾನದಲ್ಲಿ ಕೈತಪ್ಪಿದವರು. ಅವರು ತಮ್ಮ ಚಿಪ್ಪನ್ನೆಲ್ಲ ಮುಂದಕ್ಕೆ ತಳ್ಳಿದರು. ಸೆಲ್ಬ್ಸ್ಟ್ ತುಂಬ ಹೊತ್ತು ಯೋಚಿಸಿದರು, ಕೊನೆಗೆ ಕಾಲ್ ಮಾಡಿದರು. ಬೌಮನ್ ಕೈಯಲ್ಲಿ ಉಳಿದೆರಡು ಏಳೂ ಇದ್ದವು. ನಾಲ್ಕು ಏಳು, ಫುಲ್ ಹೌಸ್‌ಗಿಂತ ದೊಡ್ಡ ಕೈ.

ನನ್ನ ತಂಗಿಯ ಮಗ ಈ ವಿಡಿಯೋ ತೋರಿಸಿ, "ದೊಡ್ಡಮ್ಮಾ, ಬಿಡ್ಬೇಕಿತ್ತು ಅಲ್ವಾ?" ಅಂದ. ಬಿಡಬಾರದಿತ್ತು ಅಂದೆ. ಸೋತದ್ದನ್ನು ಕಣ್ಣಾರೆ ನೋಡಿಯೂ ಹೀಗನ್ನುವುದು ಅವನಿಗೆ ವಿಚಿತ್ರವಾಗಿ ಕಂಡಿತು. ನಾನು ದುಡ್ಡಿಟ್ಟು ಆಡುವವಳಲ್ಲ. ಶಿವಮೊಗ್ಗದ ಕಡೆ ಡಿಗ್ರಿ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ಸಂಭವನೀಯತೆಯ ಪಾಠಕ್ಕೆ ನಾಣ್ಯ, ದಾಳ, ಕೆಂಪು ಬಿಳಿ ಗೋಲಿ ಸಾಕಾಗಿ ಇಸ್ಪೀಟಿನ ಕಡೆ ತಿರುಗಿದೆ, ಇಸ್ಪೀಟು ಪೋಕರ್‌ಗೆ ಕರೆದುಕೊಂಡು ಹೋಯಿತು. ಈಗ ಊಟವಾದ ಮೇಲೆ ಧಾರಾವಾಹಿ ನೋಡುವ ಹೊತ್ತಿನಲ್ಲಿ ಹಳೆಯ ಪೋಕರ್ ಪ್ರಸಾರಗಳನ್ನು ನೋಡುತ್ತೇನೆ. ಮನೆಯವರು ಇದನ್ನು ಹೊರಗೆ ಹೇಳಿಕೊಳ್ಳುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು. ಇವತ್ತು ಜಗತ್ತೆಲ್ಲ ಆಡುವುದು ಟೆಕ್ಸಾಸ್ ಹೋಲ್ಡೆಮ್. ಅದು ರಾಬ್ಸ್‌ಟೌನ್ ಎಂಬ ಊರಲ್ಲಿ ಹುಟ್ಟಿತೆಂದು ಟೆಕ್ಸಾಸ್‌ನ ಶಾಸನಸಭೆಯೇ 2007ರಲ್ಲಿ ಒಪ್ಪಿಕೊಂಡಿದೆ. ಒಬ್ಬೊಬ್ಬರಿಗೆ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಬಿಚ್ಚುತ್ತಾರೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್; ಆಮೇಲೆ ಒಂದು, ಅದು ಟರ್ನ್; ಕೊನೆಯದು ರಿವರ್. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ಎಲೆ ಬಿಚ್ಚುವ ಮುಂಚೆ ಒಂದು, ಬಿಚ್ಚಿದಾಗೆಲ್ಲ ಒಂದೊಂದು ಸುತ್ತು ಪಣ ನಡೆಯುತ್ತದೆ. ಎದುರಿನವರು ಹಾಕಿದಷ್ಟು ಹಾಕಿದರೆ ಕಾಲ್, ಹೆಚ್ಚು ಹಾಕಿದರೆ ರೇಸ್, ಎಲೆ ಕವುಚಿ ಹಾಕಿ ಹಿಂದೆ ಸರಿದರೆ ಫೋಲ್ಡ್. ಮೂರೆಲೆ ಆಡಿದವರಿಗೆ 'ಪ್ಯಾಕ್' ಅಂದರೆ ತಟ್ಟನೆ ತಿಳಿಯುತ್ತದೆ. ಇದರ ನೋ ಲಿಮಿಟ್ ಬಗೆಯಲ್ಲಿ ಯಾರು ಬೇಕಾದರೂ ಯಾವ ಸುತ್ತಿನಲ್ಲಿ ಬೇಕಾದರೂ ತಮ್ಮ ಮುಂದಿರುವ ಅಷ್ಟನ್ನೂ ಒಮ್ಮೆಗೇ ಇಡಬಹುದು, ಅದು ಆಲ್ ಇನ್.

ಒಳ್ಳೆಯ ಎಲೆ ಬಿಡುವ ಪ್ರಶ್ನೆಗೆ ತೂಕ ಬರುವುದು ಇದರಿಂದಲೇ. ಲಿಮಿಟ್ ಪೋಕರ್‌ನಲ್ಲಿ ಒಂದು ಪಣಕ್ಕೆ ಇಷ್ಟೇ ಎಂದು ಕಟ್ಟು ಇರುತ್ತದೆ. ಅಲ್ಲಿ ಸಂಶಯ ಬಂದರೂ ಕೊನೆಯ ಪಣ ಕೊಟ್ಟು ನೋಡಿಬಿಡುವುದೇ ಬಹಳ ಸಲ ಸರಿ, ಹೋದರೆ ಒಂದು ಪಣ ಹೋಯಿತು. ನೋ ಲಿಮಿಟ್‌ನಲ್ಲಿ ಅದೇ ಕುತೂಹಲಕ್ಕೆ ಮುಂದಿರುವ ರಾಶಿಯೇ ಬೆಲೆ.

ಸೆಲ್ಬ್ಸ್ಟ್ ಅವರ ಲೆಕ್ಕ ಮಾಡೋಣ. ಮೇಜಿನ ಮೇಲೆ ಎಕ್ಕ, ಏಳು, ಐದು, ಏಳು, ನಾಲ್ಕು. ಅವರ ಕೈಯಲ್ಲಿ ಎರಡು ಎಕ್ಕ. ಅವರನ್ನು ಸೋಲಿಸುವ ಎಲೆ ಯಾವುದು? ಒಂದೇ ಬಣ್ಣದ ಸೀಕ್ವೆನ್ಸ್ ಆಗುವ ದಾರಿ ಅಲ್ಲಿರಲಿಲ್ಲ. ಉಳಿಯುವುದು ಏಳರ ಜೋಡಿ ಮಾತ್ರ. ನಾಲ್ಕು ಏಳರಲ್ಲಿ ಎರಡು ಮೇಜಿನ ಮೇಲಿರುವುದರಿಂದ ಉಳಿದೆರಡು ಸೇರಿ ಜೋಡಿಯಾಗಲು ಇರುವುದು ಒಂದೇ ಬಗೆ. ಫುಲ್ ಹೌಸ್ ಹಿಡಿದೂ ಅವರಿಗೆ ಸೋಲುವ ಕೈಗಳಲ್ಲಿ ಕೆಲವನ್ನಷ್ಟೇ ನೋಡಿ. ಎಕ್ಕ-ಏಳು ಇದ್ದವರದು ಮೂರು ಏಳು ಎರಡು ಎಕ್ಕದ ಫುಲ್ ಹೌಸ್. ಒಂದು ಎಕ್ಕ, ಎರಡು ಏಳು ಉಳಿದಿರುವುದರಿಂದ ಅದಕ್ಕೆ ಎರಡು ಬಗೆ. ಐದರ ಜೋಡಿ ಮೂರು ಬಗೆ, ನಾಲ್ಕರ ಜೋಡಿ ಮೂರು ಬಗೆ. ಸೋಲಿಸುವುದು ಒಂದು, ಸೋಲುವುದು ಇವಿಷ್ಟರಲ್ಲೇ ಎಂಟು. ಬೌಮನ್ ಐದರ, ನಾಲ್ಕರ ಜೋಡಿಯಿಂದ ಇಷ್ಟು ಧೈರ್ಯ ಮಾಡುವವರಲ್ಲ ಎಂದೇ ಹಿಡಿದು ಆ ಆರನ್ನೂ ತೆಗೆದುಹಾಕಿ. ಆಗಲೂ ಎರಡಕ್ಕೆ ಒಂದು. ಮೂರರಲ್ಲಿ ಎರಡು ಸಲ ಗೆಲ್ಲುವ ಕೈಯನ್ನು ಬಿಡುವವರಿಗೆ ಈ ಆಟ ಬೇಡ.

ನಾಲ್ಕು ಏಳರ ಸುಳಿವು ಮನಸ್ಸಿಗೆ ಬಂದರೂ ಕಾಲ್ ಮಾಡಬೇಕು, ಬಂದದ್ದು ನಿಜವಾದರೆ ಎದ್ದು ಹೋಗಬೇಕು. ಎದುರಿನವರ ಎಲೆಯನ್ನು ಗಟ್ಟಿಯಾಗಿ ಊಹಿಸಿ ಹೇಳುವುದಕ್ಕೇ ಹೆಸರಾದ ಕೆನಡಾದ ಡೇನಿಯಲ್ ನೆಗ್ರಾನು ಹೀಗೇ ಆರರ ಫುಲ್ ಹೌಸ್ ಹಿಡಿದು ಗಸ್ ಹ್ಯಾನ್ಸೆನ್‌ರ ನಾಲ್ಕು ಐದಕ್ಕೆ ಸೋತರು. 'ಹೈ ಸ್ಟೇಕ್ಸ್ ಪೋಕರ್' ಕಾರ್ಯಕ್ರಮದಲ್ಲಿ ಆ ಒಂದು ಪಾಟ್ (ಆ ಆಟಕ್ಕೆ ಬಿದ್ದ ಪಣವೆಲ್ಲ ಸೇರಿದ ರಾಶಿ) 5,75,700 ಡಾಲರಿನದು. 2008ರ ಮುಖ್ಯ ಪಂದ್ಯದಲ್ಲಿ ಮೊತೊಯುಕಿ ಮಬುಚಿ ನಾಲ್ಕು ಎಕ್ಕ ಹಿಡಿದು, ಎಲ್ಲಕ್ಕಿಂತ ದೊಡ್ಡ ಕೈಯಾದ ರಾಯಲ್ ಫ್ಲಷ್‌ಗೆ ಸೋತರು. ಇಂಥವನ್ನು ನೋಡಿ ಪಾಠ ಕಲಿಯಲು ಹೊರಟರೆ ತಪ್ಪು ಪಾಠವೇ ಸಿಗುವುದು. ಒಂಬತ್ತು ಮಂದಿಯ ಮೇಜಿನಲ್ಲಿ ನಿಮ್ಮ ಕೈಗೆ ರಾಜನ ಜೋಡಿ ಬಂದಾಗ ಉಳಿದ ಎಂಟು ಮಂದಿಯಲ್ಲಿ ಯಾರಿಗಾದರೂ ಎಕ್ಕದ ಜೋಡಿ ಇರುವ ಸಂಭವ ಸುಮಾರು ಇಪ್ಪತ್ತೈದಕ್ಕೆ ಒಂದು. ಆ ಒಂದು ಸಲ ಜೀವಮಾನವೆಲ್ಲ ನೆನಪಿರುತ್ತದೆ, ಇಪ್ಪತ್ತನಾಲ್ಕು ಸಲ ಮಾರನೆಯ ದಿನವೇ ಮರೆಯುತ್ತದೆ. ನೆನಪಿಗೆ ಲೆಕ್ಕ ಬರುವುದಿಲ್ಲ.

ಹಾಗಾದರೆ ಬಿಡಬೇಕಾದ ಒಳ್ಳೆಯ ಎಲೆ ಯಾವುದು? ಬಹುಪಾಲು ಸಲ ಅದು ಒಂದೇ ಜೋಡಿಯ ಕೈ. ನೋಡಲು ರಾಜವೈಭವ, ಒಳಗೆ ಒಂದೇ ಜೋಡಿ. ಅದರಲ್ಲೂ ಎಕ್ಕದ ಜೋಡಿ.

ಎಕ್ಕದ ಜೋಡಿ 221 ಸಲಕ್ಕೆ ಒಮ್ಮೆ ಬರುತ್ತದೆ. ಕಾದು ಕಾದು ಬಂದದ್ದರ ಮೇಲೆ ಮೋಹ ಹುಟ್ಟುವುದು ಸಹಜ. ಏನು ಹಿಡಿದಿದ್ದಾರೋ ಗೊತ್ತಿಲ್ಲದ ಒಬ್ಬ ಎದುರಾಳಿಯ ಮೇಲೆ ಅದು ನೂರರಲ್ಲಿ 85 ಸಲ ಗೆಲ್ಲುತ್ತದೆ. ಇಬ್ಬರಾದರೆ 73. ನಾಲ್ವರಾದರೆ 56. ಎಕ್ಕ ಬದಲಾಗಿಲ್ಲ, ಮಂದಿ ಹೆಚ್ಚಿದ್ದಾರೆ. ಅದಕ್ಕೇ ಅನುಭವಿಗಳು ಎಕ್ಕ ಹಿಡಿದಾಗ ಮೊದಲ ಸುತ್ತಿನಲ್ಲೇ ಜೋರಾಗಿ ಏರಿಸಿ ಗುಂಪು ಚದುರಿಸುತ್ತಾರೆ. ಎಲೆ ಮುಚ್ಚಿಟ್ಟು ಜಾಣತನ ತೋರಿಸಲು ಹೋಗಿ ಐದು ಮಂದಿಯನ್ನು ಒಳಗೆ ಬಿಟ್ಟುಕೊಂಡವರು ಆಮೇಲೆ ನಸೀಬು ಬೈಯುತ್ತಾರೆ.

ಮೇಜಿನ ಮೇಲಿನ ಎಲೆಯ ಸ್ವಭಾವವೂ ಅಷ್ಟೇ ಮುಖ್ಯ. ನಿಮ್ಮಲ್ಲಿ ಎಕ್ಕದ ಜೋಡಿ, ಫ್ಲಾಪ್‌ನಲ್ಲಿ ಬೇರೆ ಬೇರೆ ಬಣ್ಣದ ರಾಜ, ಏಳು, ಎರಡು. ನಿಮ್ಮನ್ನು ದಾಟಿರುವುದು ಯಾವುದು? ರಾಜನ ಜೋಡಿ, ಏಳರ ಜೋಡಿ, ಎರಡರ ಜೋಡಿ ಹಿಡಿದವರು, ತಲಾ ಮೂರು ಬಗೆ, ಒಟ್ಟು ಒಂಬತ್ತು. ರಾಜ-ಏಳು, ರಾಜ-ಎರಡು, ಏಳು-ಎರಡು ಹಿಡಿದು ದುಡ್ಡು ಕೊಟ್ಟು ಫ್ಲಾಪ್ ನೋಡುವವರು ವಿರಳ. ಅದೇ ಎಕ್ಕ, ಆದರೆ ಫ್ಲಾಪ್ ಒಂಬತ್ತು, ಎಂಟು, ಏಳು ಎಂದಿಟ್ಟುಕೊಳ್ಳಿ. ಈಗ ಗುಲಾಮ-ಹತ್ತು ಹಿಡಿದವರಿಗೆ ಸೀಕ್ವೆನ್ಸ್ ಆಗಿದೆ, ಅದು 16 ಬಗೆ. ಆರು-ಐದು ಇನ್ನೊಂದು 16. ಒಂಬತ್ತು-ಎಂಟು, ಎಂಟು-ಏಳು ಹಿಡಿದವರಿಗೆ ಎರಡು ಜೋಡಿ, ತಲಾ 9. ಮೂರು ಒಂದೇ ಆದವರು 9. ಕೂಡಿಸಿದರೆ 59, ಅದೂ ಜನ ನಿಜಕ್ಕೂ ಹಿಡಿದು ಆಡುವ ಎಲೆಗಳು. ಇಲ್ಲಿ ಇಬ್ಬರು ಎದುರಾಳಿಗಳು ಒಬ್ಬರ ಮೇಲೊಬ್ಬರು ಏರಿಸುತ್ತಿದ್ದರೆ ನಿಮ್ಮ ಎಕ್ಕ ಎರಡು ಚೆಂದದ ಚಿತ್ರ.

ಐದರ ಜೋಡಿ, ಮೂರರ ಜೋಡಿಯಂಥ ಬಡ ಎಲೆ ಹಿಡಿದವರು ನಿಮ್ಮ ಏರಿಕೆಗೆ ಕಾಲ್ ಮಾಡಿ ಒಳಗೆ ಬರುವುದೇಕೆ ಎಂಬುದು ಹೊಸಬರಿಗೆ ಅರ್ಥವಾಗುವುದಿಲ್ಲ. ನಾನು ಇದನ್ನು ತರಗತಿಯಲ್ಲಿ ಮಾಡುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ. ಇಬ್ಬರ ಮುಂದೂ 2,000 ಚಿಪ್ಪು. ನೀವು ಎಕ್ಕದಿಂದ 60 ಇಟ್ಟಿರಿ, ಅವರು ಐದರ ಜೋಡಿಯಿಂದ 60 ಕೊಟ್ಟರು. ಫ್ಲಾಪ್‌ನಲ್ಲಿ ಅವರಿಗೆ ಇನ್ನೊಂದು ಐದು ಸಿಗುವುದು ಸುಮಾರು ಎಂಟೂವರೆ ಸಲಕ್ಕೆ ಒಮ್ಮೆ. ಸಿಗದ ಏಳೂವರೆ ಸಲ ತಲಾ 60ರಂತೆ 450 ಕಳೆದುಕೊಂಡು ಸುಮ್ಮನೆ ಎಲೆ ಬಿಡುತ್ತಾರೆ. ಸಿಕ್ಕ ಆ ಒಂದು ಸಲ ನೀವು ಎಕ್ಕವನ್ನು ಅಪ್ಪಿಕೊಂಡು ಕೊನೆಯವರೆಗೂ ಹೋದರೆ ನಿಮ್ಮ 2,000 ಅವರ ಪಾಲು. 450 ಕೊಟ್ಟು 2,000 ಕೊಂಡಂತಾಯಿತು. ಅದೇ ನೀವು ಫ್ಲಾಪ್ ಆದ ಮೇಲೆ ಇನ್ನೊಂದು 300 ಕೊಟ್ಟು, ಅವರ ಏರಿಕೆಯ ಗಾತ್ರ ನೋಡಿ ಅಲ್ಲಿಗೇ ಎಲೆ ಬಿಟ್ಟಿರೆನ್ನಿ. ಅವರಿಗೆ ಸಿಕ್ಕಿದ್ದು 360. ಅವರ ವ್ಯಾಪಾರವೇ ನಷ್ಟಕ್ಕೆ ತಿರುಗಿತು. ಎಲೆ ಹಂಚುವ ಮುಂಚೆ ಕಡ್ಡಾಯವಾಗಿ ಇಡುವ ಬ್ಲೈಂಡ್‌ನ ಚಿಲ್ಲರೆ, ಮೂರು ಐದೂ ಸೋಲುವ ಅಪರೂಪದ ಸಂದರ್ಭ ಎರಡನ್ನೂ ಬಿಟ್ಟು ಹೇಳುತ್ತಿದ್ದೇನೆ, ಆದರೆ ತಿರುಳು ಇಷ್ಟೇ: ನೀವು ಎಕ್ಕ ಬಿಡಲಾರಿರಿ ಎಂಬುದೇ ಐದು ಹಿಡಿದವರ ಬಂಡವಾಳ.

ಮುಂದಿರುವ ಚಿಪ್ಪು 2,000 ಆಗಿರದೆ 200 ಆಗಿದ್ದರೆ? 60 ಆಗಲೇ ಹೋಗಿದೆ, ಉಳಿದಿರುವುದು 140. ಆಗ ಐದರ ಜೋಡಿಯವರು ಬರುವುದೇ ದಡ್ಡತನ, ನೀವು ಎಕ್ಕ ಬಿಡುವುದೂ ದಡ್ಡತನ. ಪಾಟ್‌ನಲ್ಲಿ ಆಗಲೇ ಇರುವುದಕ್ಕೂ ಇನ್ನೂ ಕೈಯಲ್ಲಿ ಉಳಿದಿರುವುದಕ್ಕೂ ಇರುವ ಅನುಪಾತ ನೋಡದೆ "ಈ ಎಲೆ ಬಿಡಬೇಕಾ, ಇಡಬೇಕಾ" ಎಂದು ಕೇಳುವವರಿಗೆ ಉತ್ತರ ಹೇಳಲು ಬರುವುದಿಲ್ಲ. ತಂಗಿಯ ಮಗ ಮೊದಮೊದಲು ಎಲೆಯನ್ನಷ್ಟೇ ಹೇಳಿ ತೀರ್ಪು ಕೇಳುತ್ತಿದ್ದ. ಈಗ ಚಿಪ್ಪಿನ ಲೆಕ್ಕದಿಂದ ಶುರುಮಾಡುತ್ತಾನೆ.

ಕಾಲ್ ಮಾಡಲು ಎಷ್ಟು ಸಲ ಗೆಲ್ಲಬೇಕು ಎಂಬ ಗಣಿತ ಏಳನೇ ಕ್ಲಾಸಿನದು. ಪಾಟ್‌ನಲ್ಲಿ 1,000 ಇದೆ, ಎದುರಿನವರು 500 ಇಟ್ಟರು. ನೀವು 500 ಕೊಟ್ಟು 1,500 ಪಡೆಯುವ ಆಸೆ. ನಾಲ್ಕರಲ್ಲಿ ಒಂದು ಸಲ ಗೆದ್ದರೆ ಸಮ. 1,000 ಇಟ್ಟರೆ ಮೂರರಲ್ಲಿ ಒಂದು. 2,000 ಇಟ್ಟರೆ ಐದರಲ್ಲಿ ಎರಡು. ಎಷ್ಟು ಸಲ ನಿಜಕ್ಕೂ ಗೆಲ್ಲುತ್ತೀರಿ ಎಂಬುದನ್ನು ಮಾತ್ರ ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಅದು ಎದುರಿಗೆ ಕೂತವರ ಮೇಲಿದೆ. ಯಾವತ್ತೂ ಮಾತಾಡಿಸದ ಪಕ್ಕದ ಮನೆಯವರು ರಾತ್ರಿ ಎರಡು ಗಂಟೆಗೆ ಬಂದು ಬಾಗಿಲು ತಟ್ಟಿದರೆ ಸಕ್ಕರೆ ಸಾಲ ಕೇಳಲು ಬಂದಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ. ಮೂರು ಗಂಟೆ ಹೊತ್ತು ಎಲೆ ಬಿಡುತ್ತಲೇ ಕೂತವರು ಟರ್ನ್‌ನಲ್ಲಿ ಇದ್ದಕ್ಕಿದ್ದಂತೆ ಎಲ್ಲವನ್ನೂ ತಳ್ಳಿದಾಗ ನಿಮ್ಮ ರಾಣಿಯ ಜೋಡಿ ಎಷ್ಟು ಚೆಂದ ಎಂಬುದು ಅಪ್ರಸ್ತುತ. ಇದೇ ತಳ್ಳಾಟ ಪ್ರತಿ ಎರಡನೇ ಆಟಕ್ಕೆ ಮಾಡುವವರಿಂದ ಬಂದರೆ ಅದೇ ರಾಣಿ ಬಂಗಾರ.

ನೋಡಬೇಕಾದ್ದು ಮುಖವನ್ನಲ್ಲ, ಕಥೆಯನ್ನು. ಮೊದಲ ಸುತ್ತಿನಲ್ಲಿ ಸುಮ್ಮನೆ ಕಾಲ್, ಫ್ಲಾಪ್‌ನಲ್ಲಿ ಸುಮ್ಮನೆ ಕಾಲ್, ಸಾಮಾನ್ಯವಾದ ಟರ್ನ್ ಎಲೆಗೆ ದಿಢೀರನೆ ದೊಡ್ಡ ಏರಿಕೆ. ಈ ಮೂರೂ ಒಂದೇ ಕೈಗೆ ಹೊಂದುತ್ತವೆಯೇ? ಹೊಂದುವ ಕೈ ಯಾವುದು? ಸಿನಿಮಾದವರಿಗೆ ಇದು ಸಪ್ಪೆ. 1998ರ 'ರೌಂಡರ್ಸ್' ಚಿತ್ರದಲ್ಲಿ ನಾಯಕ ಮ್ಯಾಟ್ ಡೇಮನ್, ಖಳ ಜಾನ್ ಮಾಲ್ಕೊವಿಚ್ ಓರಿಯೋ ಬಿಸ್ಕತ್ತು ಬಿಡಿಸಿ ತಿನ್ನುವ ರೀತಿ ಹಿಡಿದು ಅವನ ಎಲೆ ಗುರುತಿಸಿ ದೊಡ್ಡ ಕೈಯನ್ನು ಬಿಡುತ್ತಾನೆ. ದೃಶ್ಯ ಸೊಗಸಾಗಿದೆ. ಆದರೆ ಬಿಸ್ಕತ್ತು ತಿನ್ನುವ ಎದುರಾಳಿಗಾಗಿ ಕಾಯುತ್ತ ಕೂತರೆ ಮನೆ ಮಾರಬೇಕಾಗುತ್ತದೆ.

ಇಷ್ಟೆಲ್ಲ ಮಾಡಿ ಬಿಟ್ಟಿರಿ. ಸರಿಯಾಗಿ ಬಿಟ್ಟಿರೋ ಇಲ್ಲವೋ? ತಿಳಿಯುವುದಿಲ್ಲ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದು. ಕಾಲ್ ಮಾಡಿದವರಿಗೆ ಎದುರಿನ ಎಲೆ ಕಾಣುತ್ತದೆ; ಪರೀಕ್ಷೆ ಮುಗಿದ ಕೂಡಲೇ ಅಂಕಪಟ್ಟಿ ಕೈಗೆ ಬರುತ್ತದೆ. ಬಿಟ್ಟವರ ಉತ್ತರಪತ್ರಿಕೆ ಯಾರೂ ತಿದ್ದುವುದಿಲ್ಲ. ಎದುರಿನವರು ಎಲೆ ಮುಚ್ಚಿಯೇ ಡೀಲರ್ ಕಡೆ ಸರಿಸಿ ಚಿಪ್ಪು ಎಳೆದುಕೊಳ್ಳುತ್ತಾರೆ. ಕೆಲವರು ಅಷ್ಟೊಂದು ಕೆಟ್ಟ ಕಾಲ್ ಮಾಡುವುದಕ್ಕೆ ಲೋಭಕ್ಕಿಂತ ಈ ತಿಳಿಯದಿರುವ ಸಂಕಟವೇ ಕಾರಣ ಎಂಬುದು ನನ್ನ ಗುಮಾನಿ. ನೋಡಿಬಿಡೋಣ, ನೋಡಿ ನೆಮ್ಮದಿಯಾಗಿ ಮಲಗೋಣ ಎಂದು ದುಡ್ಡು ಕೊಡುತ್ತಾರೆ.

ಪೋಕರ್ ಟಿವಿಯಲ್ಲಿ ಬರುತ್ತಿದ್ದ ಮೊದಲ ದಿನಗಳಲ್ಲಿ ನೋಡುವವರಿಗೂ ಇದೇ ಪಾಡು. ಮುಖ ಗಂಟಿಕ್ಕಿದ ಗಂಡಸರು ಚಿಪ್ಪು ತಳ್ಳುವುದು, ಎಳೆಯುವುದು. ಅದನ್ನು ಬದಲಿಸಿದವರು ಹೆನ್ರಿ ಓರೆನ್‌ಸ್ಟೈನ್. ಪೋಲೆಂಡ್‌ನಲ್ಲಿ ಹುಟ್ಟಿ, ನಾಜಿಗಳ ಶಿಬಿರಗಳಿಂದ ಬದುಕುಳಿದು ಅಮೆರಿಕ ಸೇರಿ ಆಟಿಕೆಗಳ ವ್ಯಾಪಾರದಲ್ಲಿ ದೊಡ್ಡವರಾದವರು. ಮಕ್ಕಳು ಮುಗಿಬಿದ್ದು ಕೊಂಡ 'ಟ್ರಾನ್ಸ್‌ಫಾರ್ಮರ್ಸ್' ಆಟಿಕೆ ಅಮೆರಿಕಕ್ಕೆ ಬರುವುದರಲ್ಲಿ ಅವರ ಕೈ ಇತ್ತು. ಮುಚ್ಚಿದ ಎಲೆಯನ್ನು ನೋಡುಗರಿಗೆ ಮಾತ್ರ ತೋರಿಸುವ ಕ್ಯಾಮೆರಾ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು ಅವರೇ. 1999ರಲ್ಲಿ ಬ್ರಿಟನ್ನಿನ 'ಲೇಟ್ ನೈಟ್ ಪೋಕರ್' ಮೇಜಿನೊಳಗೆ ಕ್ಯಾಮೆರಾ ಇಟ್ಟು ಎಲೆ ತೋರಿಸಿತು. ಅಲ್ಲಿಂದ ಆಟಗಾರನಿಗೆ ಗೊತ್ತಿಲ್ಲದ್ದು ಸೋಫಾದ ಮೇಲೆ ಕೂತ ನಮಗೆ ಗೊತ್ತಾಗತೊಡಗಿತು. ಆಗ ಕಂಡದ್ದೇನು? ದೊಡ್ಡ ದೊಡ್ಡ ಹೆಸರಿನವರು ಗೆಲ್ಲುತ್ತಿದ್ದ ಎಲೆಯನ್ನೇ ಬಿಟ್ಟು, ದೊಡ್ಡ ಅನಾಹುತದಿಂದ ಪಾರಾದ ಮುಖ ಮಾಡಿಕೊಂಡು ಕೂರುವುದು.

2003ರ ಮುಖ್ಯ ಪಂದ್ಯದ ಕೊನೆಯಲ್ಲಿ ಉಳಿದವರು ಇಬ್ಬರು. ಟೆನೆಸಿಯ ಲೆಕ್ಕಪತ್ರ ನೌಕರ ಕ್ರಿಸ್ ಮನಿಮೇಕರ್ ಮತ್ತು ಪಳಗಿದ ಜೂಜುಗಾರ ಸ್ಯಾಮಿ ಫರ್ಹಾ. (ಮನಿಮೇಕರ್ ಎಂಬುದು ಅವರ ನಿಜವಾದ ಮನೆತನದ ಹೆಸರು, ನಾನು ಕಟ್ಟಿದ್ದಲ್ಲ.) ಮೇಜಿನ ಮೇಲೆ ಒಂಬತ್ತು, ಎರಡು, ಆರು, ಎಂಟು, ಮೂರು. ಫರ್ಹಾ ಕೈಯಲ್ಲಿ ರಾಣಿ-ಒಂಬತ್ತು, ಅಂದರೆ ಮೇಜಿನ ಮೇಲಿನ ಅತಿ ದೊಡ್ಡ ಎಲೆಯ ಜೋಡಿ. ಮನಿಮೇಕರ್ ಕೈಯಲ್ಲಿ ರಾಜ-ಏಳು. ಒಂದೇ ಬಣ್ಣದ ಐದು ಎಲೆಯ ಫ್ಲಷ್‌ಗೆ ಕಾದರು, ಸೀಕ್ವೆನ್ಸ್‌ಗೆ ಕಾದರು, ಎರಡೂ ಬರಲಿಲ್ಲ. ರಿವರ್ ಬಿದ್ದ ಮೇಲೆ ಏನೂ ಇಲ್ಲದ ಕೈಯಿಂದ ಆಲ್ ಇನ್. ಫರ್ಹಾ ಯೋಚಿಸಿ ಯೋಚಿಸಿ ಎಲೆ ಬಿಟ್ಟರು. 839 ಮಂದಿಯ ಆ ಪಂದ್ಯ ಗೆದ್ದು ಮನಿಮೇಕರ್ 25 ಲಕ್ಷ ಡಾಲರ್ ತೆಗೆದುಕೊಂಡು ಹೋದರು.

'ಹೈ ಸ್ಟೇಕ್ಸ್ ಪೋಕರ್'ನಲ್ಲಿ ಬ್ರ್ಯಾಡ್ ಬೂತ್ ನಾಲ್ಕು-ಎರಡು ಹಿಡಿದು, ನೋಟಿನ ಕಟ್ಟುಗಳಲ್ಲಿ ಮೂರು ಲಕ್ಷ ಡಾಲರ್ ಮುಂದಿಟ್ಟರು. ಎದುರಿಗಿದ್ದ ಫಿಲ್ ಐವಿ ರಾಜನ ಜೋಡಿ ಬಿಟ್ಟರು. ಅದೇ ಕಾರ್ಯಕ್ರಮದಲ್ಲಿ ಟಾಮ್ ಡ್ವಾನ್ ಬರೀ ಹತ್ತರ ಜೋಡಿಯಿಂದ ಇಬ್ಬರನ್ನು ಒಟ್ಟಿಗೇ ಓಡಿಸಿದರು: ಬ್ಯಾರಿ ಗ್ರೀನ್‌ಸ್ಟೈನ್‌ ಬಳಿ ಎಕ್ಕದ ಜೋಡಿ, 2008ರ ವಿಶ್ವ ಚಾಂಪಿಯನ್ ಪೀಟರ್ ಈಸ್ಟ್‌ಗೇಟ್ ಬಳಿ ಮೂರು ಎರಡು. 2016ರಲ್ಲಿ ವಿಲಿಯಂ ಕಸೂಫ್ ಎಂಬ ಬಾಯಿಬಡುಕ ಬ್ರಿಟಿಷ್ ಆಟಗಾರ ಒಂಬತ್ತೇ ದೊಡ್ಡ ಎಲೆಯಾದ ಕೈಯಿಂದ ಸ್ಟೇಸಿ ಮಟುಸನ್ ರಾಣಿಯ ಜೋಡಿ ಬಿಡುವಂತೆ ಮಾಡಿದರು. ಇವರನ್ನೆಲ್ಲ ನೋಡಿ ನಗುವುದು ಸುಲಭ, ನಮಗೆ ಎಲೆ ಕಾಣುತ್ತಿದೆ. ಸೆಲ್ಬ್ಸ್ಟ್ ಸೋತರೂ ಸರಿ ಎಂದಂತೆ, ಐವಿ ಗೆಲ್ಲುವ ಎಲೆ ಬಿಟ್ಟರೂ ಸರಿಯಿರಬಹುದು ಎಂದೇ ನಾನು ಹೇಳಬೇಕಾಗುತ್ತದೆ. ಬೂತ್ ಹಾಗೆ ದುಡ್ಡಿಟ್ಟ ಹತ್ತು ಸಲದಲ್ಲಿ ಎಷ್ಟು ಸಲ ಖಾಲಿ ಕೈ ಇರುತ್ತಿತ್ತು ಎಂಬುದು ಪ್ರಶ್ನೆ, ಆ ಒಂದು ಸಲ ಖಾಲಿಯಿತ್ತು ಎಂಬುದಲ್ಲ. ಫರ್ಹಾ ವಿಷಯದಲ್ಲಿ ನನಗೆ ಅಷ್ಟು ದಾಕ್ಷಿಣ್ಯವಿಲ್ಲ. ಇಬ್ಬರೇ ಉಳಿದ ಮೇಜಿನಲ್ಲಿ, ಕಾದ ಎಲೆಗಳು ಬಾರದೆ ಹೋದದ್ದು ಕಣ್ಣಿಗೆ ಕಾಣುವಾಗ, ಎಲ್ಲಕ್ಕಿಂತ ದೊಡ್ಡ ಜೋಡಿ ಬಿಡುವುದು ಹೆಚ್ಚಾಯಿತು.

ಬಿಡುವುದಕ್ಕೂ ಒಂದು ಮಿತಿ ಇದೆ ಎಂಬುದನ್ನು ಗಣಿತ ಹೀಗೆ ಹೇಳುತ್ತದೆ. ಪಾಟ್‌ನಷ್ಟೇ ಪಣವನ್ನು ಖಾಲಿ ಕೈಯಿಂದ ಇಟ್ಟವರಿಗೆ ಎರಡರಲ್ಲಿ ಒಂದು ಸಲ ಎದುರಿನವರು ಬಿಟ್ಟರೆ ಹಾಕಿದ್ದು ಹುಟ್ಟುತ್ತದೆ. ನೀವು ಅದಕ್ಕಿಂತ ಹೆಚ್ಚು ಸಲ ಬಿಡುವವರು ಎಂದು ಗೊತ್ತಾದರೆ ಅವರು ಎಲೆ ನೋಡದೆಯೇ ಪಣ ಇಡುತ್ತಾರೆ. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನ ಕ್ಯಾಸಿನೋದಲ್ಲಿ ನಾಲ್ವರು ವೃತ್ತಿಪರರು 20 ದಿನ 'ಲಿಬ್ರಾಟಸ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ಜೊತೆ ಒಬ್ಬೊಬ್ಬರಾಗಿ ಒಟ್ಟು 1,20,000 ಆಟ ಆಡಿದರು. ಅದನ್ನು ಬರೆದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್. ಯಂತ್ರ ಪಾಟ್‌ಗಿಂತ ಎಷ್ಟೋ ಪಟ್ಟು ದೊಡ್ಡ ಪಣ ಇಟ್ಟು ಅವರ ಒಳ್ಳೊಳ್ಳೆಯ ಎಲೆಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿ ನಾಲ್ವರನ್ನೂ ಹಿಂದೆ ಹಾಕಿತು. ಅದಕ್ಕೆ ಮುಖವಿಲ್ಲ, ಬಿಸ್ಕತ್ತು ಬೇಡ. ದೊಡ್ಡ ಪಣ ಇಟ್ಟಾಗ ಎಷ್ಟು ಪಾಲು ನಿಜ, ಎಷ್ಟು ಪಾಲು ಸುಳ್ಳು ಎಂಬ ಹದ ಮಾತ್ರ ಅದಕ್ಕೆ ಗೊತ್ತು. ಎದುರಿಗೆ ಕೂತವರಿಗೆ ಬಿಟ್ಟರೂ ಸಂಕಟ, ಇಟ್ಟರೂ ಸಂಕಟ.

ಕೈಗೆ ಬಂದ ಎಕ್ಕದ ಜೋಡಿಯನ್ನು ಫ್ಲಾಪ್ ಕೂಡ ನೋಡದೆ ಬಿಡಬೇಕಾದ ಒಂದು ಜಾಗವಿದೆ. ಮನಿಮೇಕರ್ 10,000 ಡಾಲರ್ ಕಟ್ಟಿ ಬಂದವರಲ್ಲ. 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಮೇಲೆ ಬಂದವರು. ಇಂಥ ಸ್ಯಾಟಲೈಟ್ ಪಂದ್ಯಗಳಲ್ಲಿ ಹಲವು ಸಲ ಬಹುಮಾನ ದುಡ್ಡಲ್ಲ, ಮುಂದಿನ ಪಂದ್ಯದ ಟಿಕೆಟ್ಟು. ಹತ್ತು ಟಿಕೆಟ್ ಇದ್ದರೆ ಮೊದಲನೆಯವರಿಗೂ ಹತ್ತನೆಯವರಿಗೂ ಸಿಗುವುದು ಅದೇ ಟಿಕೆಟ್ಟು. ಹನ್ನೊಂದು ಮಂದಿ ಉಳಿದಿದ್ದಾರೆ, ನಿಮ್ಮ ಚಿಪ್ಪು ಎರಡನೇ ಸ್ಥಾನದಲ್ಲಿದೆ, ಒಬ್ಬರು ಉಸಿರು ಹಿಡಿದುಕೊಂಡು ಕೂತಿದ್ದಾರೆ. ಮೊದಲ ಸ್ಥಾನದವರು ಆಲ್ ಇನ್ ಅಂದರು, ನೀವು ನೋಡಿದರೆ ಎರಡು ಎಕ್ಕ. ನೂರರಲ್ಲಿ ಎಂಬತ್ತು ಚಿಲ್ಲರೆ ಸಲ ಗೆಲ್ಲುತ್ತೀರಿ, ಗೆದ್ದು ಏನು ಸಿಗುತ್ತದೆ? ಆಗಲೇ ಜೇಬಿನಲ್ಲಿರುವ ಟಿಕೆಟ್ಟು. ಸೋತರೆ ಅದೂ ಇಲ್ಲ. ಬಿಡುವುದು ಬಿಟ್ಟು ಬೇರೆ ಉತ್ತರವೇ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ನಿರೀಕ್ಷಿತ ಮೌಲ್ಯ ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಲೆಕ್ಕದಲ್ಲೂ ಹತ್ತಲಿಲ್ಲ.

ನಮ್ಮಲ್ಲಿ ಈ ಆಟದ ಕಥೆ ಹೆಚ್ಚಾಗಿ ಕೋರ್ಟಿನ ಕಥೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಡವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಹಣವಿಟ್ಟು ಆಡುವ ಆನ್‌ಲೈನ್ ಆಟ ನಿಷೇಧಿಸಿತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ತಕರಾರನ್ನೇ ಬದಿಗಿಟ್ಟು, ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ದೇಶದಾದ್ಯಂತ ನಿಷೇಧಿಸುವ ಕಾಯ್ದೆ ತಂದಿತು. ಫೋನಿನಲ್ಲಿ ಸಂಬಳ ಕಳೆದುಕೊಂಡ ಹುಡುಗರನ್ನು ನಾನೂ ಕಂಡಿದ್ದೇನೆ, ಆ ಕಾಯ್ದೆಗೆ ನನ್ನ ಜಗಳವಿಲ್ಲ. ಕೌಶಲದ ವಾದಕ್ಕೆ ಮಾತ್ರ ಒಂದು ಮಾತು ಸೇರಿಸಬೇಕು. ಯಾರೂ ಎಲೆ ಬಿಡದೆ ಐದೂ ಎಲೆ ಬಿಚ್ಚುವವರೆಗೆ ಕೂತರೆ ಪೋಕರ್ ಪೂರ್ತಿ ಲಾಟರಿ. ಕೌಶಲ ಎಂಬುದು ಒಳಗೆ ಬರುವುದು ಯಾರೋ ಒಬ್ಬರು ಎಲೆ ಬಿಡುವಲ್ಲಿ.

ತಂಗಿಯ ಮಗನ ಫೋನಿನಲ್ಲಿ ಈಗ ಇರುವುದು ಉಚಿತ ಚಿಪ್ಪಿನ ಆಟ. ಖಾಲಿಯಾದರೆ ಅವರೇ ಮತ್ತೆ ಒಂದು ಲಕ್ಷ ಕೊಡುತ್ತಾರೆ. ಅಲ್ಲಿ ಎಂಟಕ್ಕೆ ಎಂಟೂ ಮಂದಿ ಯಾವ ಎಲೆಗಾದರೂ ಆಲ್ ಇನ್ ಅನ್ನುತ್ತಾರೆ, ಬೇಸರವಾಗಿ ಮುಚ್ಚಿಟ್ಟ. ದೀಪಾವಳಿಗೆ ಮನೆಗೆ ಬಂದಾಗ ಹುಣಸೆಬೀಜ ಇಟ್ಟು ಆಡೋಣ ಅಂದ. ತಲೆಗೆ ನೂರು ಬೀಜ ಎಣಿಸಿ ಕೊಟ್ಟೆವು. ಮೊದಲ ಅರ್ಧ ಗಂಟೆ ಇಲ್ಲೂ ಅದೇ ಕಥೆ, ನನ್ನ ತಮ್ಮ ಮೂರು-ಏಳು ಹಿಡಿದು ಅಷ್ಟನ್ನೂ ತಳ್ಳಿದ. ಆಮೇಲೆ ನಾನೊಂದು ನಿಯಮ ಮಾಡಿದೆ: ಬೀಜ ಖಾಲಿಯಾದವರು ಮಾರನೆಯ ಬೆಳಿಗ್ಗೆ ಅಷ್ಟೂ ಮಂದಿಯ ತಿಂಡಿಯ ಪಾತ್ರೆ ತೊಳೆಯಬೇಕು. ಐದು ನಿಮಿಷದೊಳಗೆ ತಮ್ಮ ಗುಲಾಮನ ಜೋಡಿ ಕವುಚಿ ಹಾಕಿ, "ಅಕ್ಕಾ, ನಿನ್ ಹತ್ರ ಏನಿತ್ತು, ತೋರ್ಸು" ಅಂದ. ನಾನು ತೋರಿಸಲಿಲ್ಲ. ಅವನು ಈಗಲೂ ಫೋನ್ ಮಾಡಿದಾಗ ಕೇಳುತ್ತಾನೆ.